ಲೊರೆಂತೆ ಅಪ್ಪಿಕೊಂಡದ್ದು

ಸುಳ್ಳು ಎನ್ನುವವರು ಈಗಲೇ ಎದ್ದು ಹೋಗಬಹುದು. ಇದು ನಡೆದದ್ದು ನಮ್ಮ ಚಿಕ್ಕಪ್ಪನ ಮಗ ಗುವಾಬೊನಿಗೆ, ಇದೇ ಬೊರಿಕೆನ್ ದ್ವೀಪದಲ್ಲಿ. ಅವನ ಬಾಯಿಂದಲೇ ಕೇಳಿದ್ದು.

ಕತ್ತಲಾಗಿತ್ತು. ದಿನವಿಡೀ ಹೊಳೆಯಲ್ಲಿ ಚಿನ್ನದ ಮರಳು ಜಾಲಿಸಿ ಗುವಾಬೊ ಬಿಡಾರಕ್ಕೆ ಮರಳುತ್ತಿದ್ದ. ಕೈಯಲ್ಲಿ ಪಂಜು. ಹಿಂದೆ ಧಣಿ ಲೊರೆಂತೆ... ಸ್ಪೇನಿನವನು. ಮೈಗೆ ನೀರು ಸೋಕಿಸದೆ ವರ್ಷ ಕಳೆಯುವ ಕುಲ; ಅವನಿಗಿಂತ ಮೊದಲು ಅವನ ನಾತ ಬರುತ್ತಿತ್ತು. ದ್ವೀಪವೆಲ್ಲ ತನ್ನದು ಎನ್ನುವವನಿಗೆ ಬಿಡಾರದ ದಾರಿ ಮಾತ್ರ ಗೊತ್ತಿರಲಿಲ್ಲ.

"ಧಣಿ, ಅನಾಯಿ ಹೇಗಿದ್ದಾಳೆ?"

ಅನಾಯಿ ಗುವಾಬೊನ ಹೆಂಡತಿ. ಇವನನ್ನು ಹೊಳೆಗೆ ಇಳಿಸಿ, ಅವಳನ್ನು ಲೊರೆಂತೆ ತನ್ನ ಮರಗೆಣಸಿನ ಹೊಲಕ್ಕೆ ಎಳೆದೊಯ್ದು ಒಂದು ಮಳೆಗಾಲ ಕಳೆದಿತ್ತು. ಬೆಟ್ಟಕ್ಕೆ ಓಡಿಹೋಗೋಣವೆಂದರೆ ಅವಳು ಅಲ್ಲಿ ಒತ್ತೆ.

"ಲೇ, ಎಷ್ಟು ಸಲ ಕೇಳ್ತೀಯೋ! ತಿಂದುಂಡು ದುಂಡಗಾಗಿದ್ದಾಳೆ. ನೀನು ಚಿನ್ನ ತೆಗಿ, ಕಳಿಸ್ತೀನಿ."

ದೊಡ್ಡ ಬೂರುಗದ ಮರ ದಾಟಿದರು. ಕೋ-ಕೀ, ಕೋ-ಕೀ ಎನ್ನುತ್ತಿದ್ದ ಕಪ್ಪೆಗಳು ಒಮ್ಮೆಲೇ ಸುಮ್ಮನಾದವು. ಮುಂದೆ ಸೀಬೆಯ ಪೊದೆಯಲ್ಲಿ... ಕರುಂ... ಕರುಂ... ಯಾರೋ ದೋರಗಾಯಿ ಕಚ್ಚುವ ಸದ್ದು.

ಹೆಂಗಸು. ಬೆನ್ನು ಈ ಕಡೆ.

"ನಿಲ್ಲಿ ಧಣಿ," ಗುವಾಬೊ ಪಿಸುಗುಟ್ಟಿದ. "ಮೊದಲು ಹೊಟ್ಟೆ ಮುಟ್ಟಿ ನೋಡ್ಬೇಕು."

ಕತ್ತಲಲ್ಲಿ ಯಾರೇ ಎದುರಾಗಲಿ, ನಮ್ಮವರ ಕ್ರಮ ಅದು. ಸತ್ತವರು ರಾತ್ರಿ ಸೀಬೆ ತಿನ್ನಲು ಬರುತ್ತಾರೆ. ಕಣ್ಣು, ಮೂಗು ಎಲ್ಲ ನಮ್ಮ ಹಾಗೇ. ಹೊಕ್ಕುಳು ಮಾತ್ರ ಇರುವುದಿಲ್ಲ.

"ಹೊಟ್ಟೆ ಏನು, ಎಲ್ಲಾ ಮುಟ್ತೀನಿ," ಲೊರೆಂತೆ ನಕ್ಕ. "ಹೊಕ್ಕುಳು ಹುಡುಕೋ ಜನ! ನಿಮಗೆ ದೇವರನ್ನ ಬೇರೆ ಕಲಿಸ್ಬೇಕು ನಾವು."

"ನಿಮ್ಮದನ್ನೂ ಯಾರೂ ನೋಡಿಲ್ಲ ಧಣಿ. ಯಾವಾಗ್ಲೂ ಅಂಗಿ ಮುಚ್ಚಿರುತ್ತೆ."

ಕಪಾಳಕ್ಕೆ ಒಂದು ಬಿಗಿದು ಲೊರೆಂತೆ ಮುಂದೆ ಹೋದ. ಕತ್ತಿಯ ಒರೆ ತೊಡೆಗೆ ಟಪ್... ಟಪ್... ಹಿಂದಿನಿಂದ ಹೋಗಿ ಎರಡೂ ತೋಳಲ್ಲಿ ಅಪ್ಪಿದ. ಅಂಗೈ ಅವಳ ಹೊಟ್ಟೆಯ ಮೇಲೆ ಆಡಿತು... ಮೇಲೆ... ಕೆಳಗೆ... ಮತ್ತೆ ಮೇಲೆ.

ನಗು ನಿಂತಿತು.

ಅವಳು ಕತ್ತು ತಿರುಗಿಸಿದಳು. ಪಂಜಿನ ಬೆಳಕು ಮುಖಕ್ಕೆ ಬಿತ್ತು. ಅನಾಯಿ.

"ನಿನ್ನ... ನಾನೇ ಹೂಳಿಸಿದ್ನಲ್ಲೇ..." ಲೊರೆಂತೆ ತೊದಲಿದ.

ಗುವಾಬೊ ಅವನ ಕಡೆ ನೋಡಲೂ ಇಲ್ಲ. "ಯಾವಾಗ ಅನಾಯಿ?"

"ನೀನು ಹೊಳೆಗೆ ಇಳಿದ ತಿಂಗಳೇ. ಇನ್ನೂ ಯಾರಿಗೆ ಕಾಯ್ತಾ ಇದ್ದೀಯ? ಹೊರಡು."

ಲೊರೆಂತೆಯ ತೋಳ ನಡುವೆ ಗಾಳಿಯಷ್ಟೇ ಉಳಿಯಿತು.

ಗುವಾಬೊ ಪಂಜನ್ನು ಕೆಸರಿಗೆ ಒತ್ತಿದ. ಚುಸ್... ಬೆಟ್ಟದ ಕಡೆ ನಡೆದ. ಬೆನ್ನ ಹಿಂದೆ, ದ್ವೀಪ ಗೆದ್ದ ಶೂರ ಅಳುತ್ತಿದ್ದ: "ಅಣ್ಣಾ... ಬೆಳಕು... ಬೆಳಕು ಕೊಡಣ್ಣಾ..."

ಬೆಳಿಗ್ಗೆ ಅಲ್ಲೇ ಸಿಕ್ಕ, ಸತ್ತು, ನಿಂತ ನಿಲುವಿನಲ್ಲಿ. ತೋಳು ಅಪ್ಪಿಕೊಂಡ ಹಾಗೆಯೇ. ಅವನ ಕಡೆಯವರು ಜಗ್ಗಿದರು, ಪಾದ್ರಿ ಮಂತ್ರದ ನೀರು ಚಿಮುಕಿಸಿದ. ಮಣಿಯಲಿಲ್ಲ. ಕೊನೆಗೆ ಹೆಣದ ಪೆಟ್ಟಿಗೆಯನ್ನೇ ಬಾನಿಯಷ್ಟು ಆಳ ಮಾಡಿಸಿದರು. ಹಲಗೆ ಕೊಯ್ದವನು ನನ್ನ ಭಾವ. ಬದುಕಿದ್ದಾನೆ. ಹೋಗಿ ಕೇಳಿ.