ನೋವಿಗಿಂತ ಮೊದಲು ತಲುಪುವುದು

ಇಲ್ಲಿ ಸೇರಿರುವ ಹಿರಿಯರಿಗೆ, ಗೆಳೆಯರಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಷ್ಟ್ರ ಮನೆಯ ಅಮ್ಮನವರಿಗೆ, ಅವರ ಮಗಳಿಗೆ — ನಮಸ್ಕಾರ. ನಮ್ಮನ್ನು ಅಗಲಿದ ಮೇಷ್ಟ್ರ ಪ್ರಯೋಗಾಲಯದಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವನು ನಾನು. ಭಾಷಣ ಮಾಡಿ ಅಭ್ಯಾಸವಿಲ್ಲ. ತಪ್ಪಿದರೆ ಸುಧಾರಿಸಿಕೊಳ್ಳಿ.

ನೋವು ಬೆನ್ನುಹುರಿಯಲ್ಲಿ ಎಷ್ಟು ವೇಗವಾಗಿ ಮೇಲೇರುತ್ತದೆ — ಮೇಷ್ಟ್ರು ಜೀವಮಾನವೆಲ್ಲ ಅಳೆದದ್ದು ಇದನ್ನೇ. ಪರೀಕ್ಷೆಗೆ ಒಪ್ಪಿ ಮಲಗಿದವರ ಬೆನ್ನಿಗೆ ಒಮ್ಮೆ ಇಲ್ಲಿ, ಸೊಂಟದ ಹತ್ತಿರ — ಒಮ್ಮೆ ಇಲ್ಲಿ, ಕುತ್ತಿಗೆಯ ಕೆಳಗೆ — ಲೇಸರ್ ಬೆಳಕಿನ ಒಂದು ಬಿಸಿ ಚುರುಕು. ಸುದ್ದಿ ಮಿದುಳಿಗೆ ಮುಟ್ಟಿದ ಹೊತ್ತನ್ನು ತಲೆಗೆ ಅಂಟಿಸಿದ ತಂತಿಗಳು ಹೇಳುತ್ತವೆ. ಎರಡು ಜಾಗದಿಂದಲೂ ಸುದ್ದಿ ಮುಟ್ಟಲು ಹಿಡಿದ ಹೊತ್ತಿನ ವ್ಯತ್ಯಾಸದಿಂದ ವೇಗ ಸಿಗುತ್ತದೆ. ಒಂದೇ ಷರತ್ತು — ಚುರುಕು ಯಾವಾಗ ತಗಲುತ್ತದೆ ಅಂತ ಮಲಗಿದವರಿಗೆ ಗೊತ್ತಾಗಬಾರದು.

ಮೇಷ್ಟ್ರಿಗೆ ಅದೊಂದು ಸಾಧ್ಯವಾಗುತ್ತಿರಲಿಲ್ಲ. ಗುಂಡಿ ಒತ್ತುವ ಮುಂಚೆ ಒಂದು ಸಣ್ಣ ಕೆಮ್ಮು — ಹೀಗೆ. ಮಲಗಿದವರು ಕೆಮ್ಮು ಕೇಳಿಯೇ ಮೈ ಬಿಗಿ ಹಿಡಿಯುತ್ತಿದ್ದರು. ಚುರುಕು ತಗಲುವ ಮೊದಲೇ ಪರದೆಯ ಮೇಲೆ ಮಿದುಳಿನ ಗೆರೆ ಕುಣಿಯುತ್ತಿತ್ತು. ಇಡೀ ತಿಂಗಳ ಕೆಲಸ ನೀರುಪಾಲು! ನಾನು ಸಿಡುಕಿದೆ. ಅವರು ಅಂದದ್ದು ಇಷ್ಟೇ — "ಹೇಳದೆ ಕೇಳದೆ ಒಬ್ಬರಿಗೆ ನೋವು ಕೊಡೋದು ಹೇಗಯ್ಯಾ?" ಆಮೇಲೆ ಗುಂಡಿ ನನ್ನ ಕೈಗೆ ಬಂತು, ಮೇಷ್ಟ್ರು ಬಾಗಿಲಾಚೆ ಹೋದರು. ಅಂಥ ಮನುಷ್ಯ ಅವರು.

ಕೊನೆಗೆ ಅವರದೇ ಬೆನ್ನುಹುರಿಯೊಳಗೆ ಗೆಡ್ಡೆ ಬೆಳೆಯಿತು. ಬಿಸಿನೀರಿನ ಚೀಲ ತಗಲಿ ಪಾದದ ಮೇಲೆ ಬೊಬ್ಬೆ ಎದ್ದರೂ ಅವರಿಗೆ ತಿಳಿಯಲಿಲ್ಲ. ಅವತ್ತಿನಿಂದ ಮಗಳು ಆ ಪಾದ ಹಿಡಿದುಕೊಂಡೇ ಕೂತಿರುತ್ತಿದ್ದಳು. ಅಂತ್ಯಕ್ರಿಯೆಯ ದಿನ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು — "ಸುಟ್ಟಿದ್ದೇ ಗೊತ್ತಾಗ್ಲಿಲ್ಲ ಅಪ್ಪಂಗೆ. ನಾನು ಹಿಡ್ಕೊಂಡಿದ್ದು ಗೊತ್ತಾಗಿರುತ್ತಾ, ಮಾಮ?"

ಆ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ. ಇವತ್ತು ಹೇಳುತ್ತೇನೆ.

ಕೇಳಮ್ಮ. ನೋವು, ಬಿಸಿ ಹೋಗುವ ದಾರಿ ಬೇರೆ — ಸ್ಪರ್ಶ ಹೋಗುವ ದಾರಿ ಬೇರೆ. ಸ್ಪರ್ಶ ನೋವಿಗಿಂತ ಮೊದಲು ತಲುಪುತ್ತದೆ. ಇದನ್ನು ನನಗೆ ಕಲಿಸಿದವರು ನಿನ್ನಪ್ಪ. ಅವರಲ್ಲಿ ಕೆಟ್ಟಿದ್ದು ನೋವಿನ ದಾರಿ ಮಾತ್ರ. ಆದರೆ ಇದೆಲ್ಲ ಪಾಠದ ಮಾತು, ನಿನಗೆ ಸಾಲದು, ಗೊತ್ತು. ಕೊನೆಯ ವಾರ ನೀನು ಔಷಧಿ ತರಲು ಹೋದಾಗ ನಾನು ಸದ್ದಿಲ್ಲದೆ ಒಳಗೆ ಬಂದು ನಿನ್ನ ಜಾಗದಲ್ಲಿ ಕೂತೆ, ಪಾದ ಹಿಡಿದೆ. ಅವರು ಕಣ್ಣು ಮುಚ್ಚಿಯೇ ಇದ್ದರು. ಹಿಡಿದ ಕೂಡಲೇ ಕೇಳಿದರು —

"ಯಾರದು? ನನ್ನ ಮಗಳು ಎಲ್ಲಿ ಹೋದ್ಳು?"

ಇನ್ನು ಮಾತು ಬೇಡ. ಎಲ್ಲರೂ ದಯಮಾಡಿ ಎದ್ದು ನಿಲ್ಲಿ. ಅಮ್ಮನವರು ಕೂತೇ ಇರಲಿ — ಮಗಳೇ, ನೀನೂ ಅವರ ಪಕ್ಕದಲ್ಲೇ ಇರು. ನಾವೆಲ್ಲ ಸ್ವಲ್ಪ ಹೊತ್ತು ಮೌನವಾಗಿರೋಣ.