ಒಂದೊಂದು ಪದ ಮೂರು ಸಲ

ಬಟ್ಟೆ ಒಗೆಯುವ ಅಂಗಡಿಯಲ್ಲಿ ಮಗಳ ಯೂನಿಫಾರ್ಮ್ ಮಡಚುತ್ತಿದ್ದವಳ ಕೈ ಹಾಗೇ ನಿಂತಿತು. ಈ ಪರದೇಶದಲ್ಲಿ, ಬೆಳಿಗ್ಗೆ ಬೆಳಿಗ್ಗೆ, ಯಾರೋ ತನ್ನ ಮನೆಮಾತು ಆಡುತ್ತಿದ್ದರು. ಪಕ್ಕದ ಯಂತ್ರದ ಮೇಲೆ ಫೋನನ್ನು ಸ್ಪೀಕರಿಗೆ ಹಾಕಿಟ್ಟು, ಕಾಲೇಜು ಹುಡುಗಿಯೊಬ್ಬಳು ಊರಲ್ಲಿದ್ದ ತಾಯಿಯೊಡನೆ ಮಾತಾಡುತ್ತ ದೊಡ್ಡ ಹೊದಿಕೆಯೊಂದನ್ನು ಒಬ್ಬಳೇ ಮಡಚಲು ಒದ್ದಾಡುತ್ತಿದ್ದಳು. ಇವಳು ಸುಮ್ಮನೆ ಅದರ ಇನ್ನೊಂದು ತುದಿ ಹಿಡಿದುಕೊಂಡಳು.

“ಅಜ್ಜಿಗೆ ಫೋನ್ ಕೊಡಮ್ಮ. ಇನ್ನು ಹತ್ತು ಪದ ರೆಕಾರ್ಡ್ ಆದ್ರೆ ಭಾಷಾಶಾಸ್ತ್ರದ ಪ್ರಾಜೆಕ್ಟ್ ಮುಗೀತು.”

“ಮಲಗಿದ್ದಾರೆ ಕಣೇ.”

“ನಿನ್ನೆನೂ ಮಲಗಿದ್ರು, ಮೊನ್ನೆನೂ ಮಲಗಿದ್ರು.”

“ವಯಸ್ಸಾಯ್ತಲ್ಲ. ನಾನೇ ಹೇಳ್ತೀನಿ ಬಿಡು. ಒಂದೊಂದು ಪದ ಮೂರು ಸಲ ತಾನೆ?”

“ನಿಂದು ನಡೆಯಲ್ಲ, ಅಜ್ಜಿ ಕಾಲದವರ ಉಚ್ಚಾರಣೆನೇ ಬೇಕು. ಮೂರನೇ ಸಲಕ್ಕೆ ಬೈತಾರೆ ನೋಡು, ‘ನೀರು ಅಂದೆನಲ್ಲೇ, ಕಿವಿಗೆ ಹತ್ತಿ ತುರುಕ್ಕೊಂಡಿದ್ದೀಯಾ’ ಅಂತ.”

ತಾಯಿಯ ನಗು ಅರ್ಧಕ್ಕೇ ನಿಂತಿತು.

“ಆ ಬೈಗುಳ ನಿನ್ನ ಹತ್ರ ಇದ್ಯಾ? ನಂಗೊಂದ್ಸಲ ಕೇಳ್ಸೆ.”

“ಅದನ್ನೆಲ್ಲ ಕತ್ತರಿಸಿ ಬಿಸಾಕಿದೆ. ಪದ ಮಾತ್ರ ಇಟ್ಕೊಂಡಿದ್ದೀನಿ.”

ಆ ಕಡೆ ತಾಯಿ ಮೂಗೆಳೆದುಕೊಂಡ ಸದ್ದಾಯಿತು.

“ಅಮ್ಮ, ಅಳ್ತಿದ್ದೀಯಾ?”

“ಪರೀಕ್ಷೆ ಮುಗಿಸ್ಕೊಂಡು ಬಾ ಪುಟ್ಟಿ. ಆಮೇಲೆ ಎಲ್ಲಾ ಹೇಳ್ತೀನಿ.”

ಹುಡುಗಿ ಫೋನನ್ನು ಕಿವಿಗೆ ಒತ್ತಿಕೊಂಡು ಬಾಗಿಲ ಕಡೆ ನಡೆದಳು. ಅರ್ಧ ಮಡಚಿದ ಹೊದಿಕೆ ಇವಳ ಕೈಯಲ್ಲೇ ಉಳಿಯಿತು. ಅದನ್ನು ಎದೆಗವಚಿಕೊಂಡು ನಿಂತವಳಿಗೆ, ಬಾಗಿಲು ಮುಚ್ಚುವ ಮುನ್ನ ಹುಡುಗಿಯ ದನಿ ಕೇಳಿಸಿತು.

“ಅಜ್ಜಿಗೆ ಮಾತು ನಿಂತುಹೋಗಿದೆಯೇನಮ್ಮ?”