ಟವೆಲ್ ಹಾಸಿದ ಕುರ್ಚಿ

ಆ ಫ್ಯಾನು ನನ್ನ ಕಡೆ ತಿರುಗಿಸಬೇಡಿ, ತಾಯಂದಿರ ಕಡೆಗೇ ಇರಲಿ. ಗಂಟಲು ಸರಿಯಿಲ್ಲ, ಮೈಕು ಸ್ವಲ್ಪ ಹತ್ತಿರ ತನ್ನಿ. ಸೇವೆ ಅಂದರೇನು ಅಂತ ಈ ತಿಂಗಳೆಲ್ಲ ಪ್ರವಚನದಲ್ಲಿ ಹೇಳುತ್ತಾ ಬಂದಿದ್ದೇನೆ. ಹೇಳಿ ಹೇಳಿ ನನಗೂ ದಣಿವಾಗಿದೆ, ಕೇಳಿ ಕೇಳಿ ನಿಮಗೂ ಆಗಿದೆ. ಇವತ್ತು ಒಂದು ದೃಷ್ಟಾಂತ, ಅಷ್ಟೇ.

ಒಬ್ಬ ಶ್ರೀಮಂತ. ಊರು ಯಾವುದಾದರೂ ಇಟ್ಟುಕೊಳ್ಳಿ. ಕಥೆಯಲ್ಲಿ ಶ್ರೀಮಂತ ಬಂದ ಕೂಡಲೇ ಜಿಪುಣ ಅಂದುಕೊಂಡಿರಿ, ಅಲ್ಲವೇ? ಇವನು ಹಾಗಲ್ಲ, ಒಳ್ಳೆಯವನೇ. ತನ್ನ ಕಾರ್ಖಾನೆಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯವನ್ನು ಗುಜರಿಗೆ ಹಾಕಲಿಲ್ಲ. ಯಾವುದಾದರೂ ಹಳ್ಳಿ ಶಾಲೆಗೆ ಹೋಗಲಿ ಅಂದ.

ಅವನ್ನು ಶಾಲೆಗೆ ಮುಟ್ಟಿಸಿದವಳು ಒಬ್ಬ ಹೆಣ್ಣುಮಗಳು. ಸಂಬಳಕ್ಕಲ್ಲ, ರಜೆ ಹಾಕಿ ಮಾಡುವ ಕೆಲಸ. ಕಂಪ್ಯೂಟರಿಗೆ ಹಳೆ ರಗ್ಗು ಸುತ್ತಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು, ಲಗೇಜಿನ ವಿಷಯಕ್ಕೆ ಕಂಡಕ್ಟರ್ ಹತ್ತಿರ ಬೈಸಿಕೊಂಡು ಬಂದಳು. ಶಾಲೆಯ ಮಾಳಿಗೆ ಹತ್ತಿ ಆಂಟೆನಾ ಕಟ್ಟಿಸಿದಳು. ಇಂಟರ್ನೆಟ್ ಬಂತು.

ಅವಳ ಜೊತೆಯವರು ಇನ್ನೊಂದು ದೇಶದಲ್ಲಿ ಇದೇ ಕೆಲಸ ಮಾಡುತ್ತಿದ್ದರು. ಅದೂ ನಮ್ಮಂಥದೇ ಬಡದೇಶ. ಬೆಟ್ಟದ ಮೇಲೊಂದು ಶಾಲೆ, ರಸ್ತೆಯಿಲ್ಲ, ಕರೆಂಟಿಲ್ಲ. ಹೇಸರಗತ್ತೆಯ ಮೇಲೆ ಕಂಪ್ಯೂಟರನ್ನೂ ಆಂಟೆನಾವನ್ನೂ ಲಾರಿ ಬ್ಯಾಟರಿಯನ್ನೂ ಹೇರಿಕೊಂಡು ಹೋಗಿದ್ದರು. ಈ ಶಾಲೆ, ಆ ಶಾಲೆ, ಎರಡರ ಮಕ್ಕಳೂ ಒಂದು ಬೆಳಿಗ್ಗೆ ಪರದೆಯ ಮೇಲೆ ಮುಖ ನೋಡಿಕೊಂಡು ಮಾತಾಡುವುದು ಅಂತ ನಿಶ್ಚಯವಾಯಿತು. ಬ್ಯಾಟರಿ ಬರುವುದು ಒಂದು ತಾಸು. ಆಮೇಲೆ ಅದನ್ನು ಮುಂದಿನ ಬೆಟ್ಟಕ್ಕೆ ಒಯ್ಯಬೇಕು.

ಈ ಶಾಲೆಯಲ್ಲಿ ಒಬ್ಬಳು ಹುಡುಗಿ. ಮಾತು ತೊದಲುತ್ತಿತ್ತು. ಹಾಜರಿ ಕೂಗಿದರೂ ಬಾಯಿ ಬಿಡದೆ ಕೈ ಎತ್ತುವವಳು. ಅವಳೇ, ನೋಡಿ, ತಾನಾಗಿ ಬಂದು ಆ ಅಕ್ಕನ ಸೆರಗು ಹಿಡಿದು, ನಾನೂ ಒಂದು ಕೇಳಲಾ ಅಂದಳು. ಏನು ಕೇಳ್ತೀಯಮ್ಮ ಅಂದರೆ, ನಿಮ್ಮ ಶಾಲೆಗೂ ನಾಯಿ ಬರುತ್ತಾ ಅಂತ. ದಿನಾ ಒಂದು ನಾಯಿ ಅವಳ ಹಿಂದೆ ಶಾಲೆಗೆ ಬರುತ್ತಿತ್ತು. ಅಕ್ಕ ಅದನ್ನೇ ಇಂಗ್ಲಿಷಿನಲ್ಲಿ ಕಲಿಸಿಕೊಟ್ಟಳು. ಹುಡುಗಿ ಆ ನಾಯಿಗೇ ಹೇಳಿ ಹೇಳಿ ಅಭ್ಯಾಸ ಮಾಡಿದಳು. ಕೊನೆಗೆ ಒಂದೇ ಒಂದು ಕಡೆ ಮಾತು ತಡೆಯುತ್ತಿತ್ತು.

ಆ ದಿನ ಬಂತು. ಆದರೆ ಉದ್ಘಾಟನೆ ಆಗದೆ ಶುರು ಮಾಡುವುದು ಹೇಗೆ? ನಮ್ಮಲ್ಲಿ ಆಗುತ್ತದೆಯೇ? ಕೊಟ್ಟ ಯಜಮಾನರೇ ಬಂದು ಟೇಪು ಕತ್ತರಿಸಬೇಕು. ಬಾಗಿಲಿಗೆ ಟೇಪು ಕಟ್ಟಿದರು. ಕಂಪ್ಯೂಟರ್ ಎದುರಿಗೆ ಒಂದು ದೊಡ್ಡ ಕುರ್ಚಿ ಹಾಕಿ, ಹೊಸ ಟರ್ಕಿ ಟವೆಲ್ ಹಾಸಿದರು. ಮೊದಲ ಮಾತು ಯಜಮಾನರದೇ ಅಂತ ಕ್ಯಾಮೆರಾವನ್ನೂ ಅದರ ಕಡೆಗೇ ತಿರುಗಿಸಿದರು.

ಯಜಮಾನರು ಬರಲಿಲ್ಲ. ದಾರಿಯಲ್ಲಿ ಬೇರೆ ಊರುಗಳಲ್ಲೂ ಅವರಿಗೆ ಹಾರ ತುರಾಯಿ ಇತ್ತು. ಹೊತ್ತಿಗೆ ಸರಿಯಾಗಿ ಪರದೆ ಬೆಳಗಿತು. ಟೊಪ್ಪಿಗೆ ಹಾಕಿಕೊಂಡ ಪುಟ್ಟ ಪುಟ್ಟ ಮಕ್ಕಳು ಕೈ ಬೀಸುತ್ತಿದ್ದರು. ಈ ಮಕ್ಕಳು ಹೊರಗೆ, ಕಿಟಕಿ ಸರಳು ಹಿಡಿದುಕೊಂಡು ಕೈ ಬೀಸಿದರು. ಬೆಟ್ಟದ ಮಕ್ಕಳಿಗೆ ಅದು ಎಲ್ಲಿ ಕಾಣಬೇಕು?

ಆ ಅಕ್ಕ ಹೆಡ್‌ಮಾಸ್ತರ ಹತ್ತಿರ ಹೋದಳು. "ಬ್ಯಾಟರಿ ಮುಗಿದುಹೋಗುತ್ತೆ ಸರ್. ಮಕ್ಕಳನ್ನ ಒಳಗೆ ಬಿಡಿ. ಟೇಪು ಆಮೇಲೆ ಕತ್ತರಿಸಲಿ."

"ಕೊಟ್ಟವರು ಬರೋಕೆ ಮುಂಚೆ ಮುಟ್ಟಿದ್ರೆ ಅವರಿಗೆ ಅವಮಾನ ಆಗಲ್ವಾ ಮೇಡಂ?" ಅಂದರು ಮಾಸ್ತರು.

ಅವಳೇ ನುಗ್ಗಬಹುದಿತ್ತಲ್ಲ ಅನ್ನುತ್ತೀರಿ. ನುಗ್ಗಬಹುದಿತ್ತು. ಆದರೆ ಮಾಸ್ತರನ್ನು ಎದುರು ಹಾಕಿಕೊಂಡರೆ ಅವಳು ಬಸ್ಸು ಹತ್ತಿದ ಮೇಲೆ ಆ ಕೋಣೆಗೆ ಬೀಗ ಬೀಳುತ್ತದೆ. ಎಷ್ಟೋ ಊರುಗಳಲ್ಲಿ ಅದನ್ನು ಕಂಡು ದಣಿದವಳು. ಗೋಡೆಗೆ ಒರಗಿ ನಿಂತಳು.

ಬೆಟ್ಟದ ಮಕ್ಕಳು ಒಂದು ಹಾಡು ಹೇಳಿದರು. ಇನ್ನೊಂದು ಹೇಳಿದರು. ಆಮೇಲೆ ಪರದೆಯನ್ನೇ ನೋಡುತ್ತಾ ಕೂತರು. ಅಷ್ಟು ದೂರದಿಂದ ನಮ್ಮ ದೇಶವನ್ನು ನೋಡಬೇಕೆಂದು ಕಾದ ಮಕ್ಕಳು ನೋಡಿದ್ದೇನು? ಒಂದು ಖಾಲಿ ಕುರ್ಚಿ. ಒಂದು ಟವೆಲ್. ಪರದೆ ಕಪ್ಪಾಯಿತು.

ಆಮೇಲೆ ಕಾರು ಬಂತು. ಇಳಿದವನೇ ಶ್ರೀಮಂತ ಕಿಟಕಿಗೆ ಅಂಟಿಕೊಂಡ ಮಕ್ಕಳನ್ನು ನೋಡಿದ, ವಿಷಯ ಕೇಳಿದ. "ನನಗೋಸ್ಕರ ಯಾಕೆ ಕಾದ್ರಿ? ಶುರು ಮಾಡಬಾರದಿತ್ತಾ?" ಅಂದ. ನಿಜವಾಗಿ ನೊಂದುಕೊಂಡೇ ಅಂದ. ಆದರೂ ಟೇಪು ಕತ್ತರಿಸಿದರು, ಚಪ್ಪಾಳೆ ತಟ್ಟಿದರು.

ಆ ಹುಡುಗಿಗೆ ಅಕ್ಕ ಹೇಳಿದಳು, ನನ್ನನ್ನೇ ಕೇಳಮ್ಮ, ನಾನು ಅವರಿಗೆ ಮುಟ್ಟಿಸ್ತೀನಿ ಅಂತ. ಹುಡುಗಿ ತಲೆ ಆಡಿಸಿದಳು, ಬೇಡ ಅಂತ. ಮರುದಿನ ಹಾಜರಿ ಕೂಗಿದಾಗ ಎಂದಿನಂತೆ ಕೈ ಎತ್ತಿದಳು.

ತಪ್ಪು ಯಾರದು, ಹೇಳಿ. ಶ್ರೀಮಂತ ಕಾಯಿರಿ ಅಂದಿರಲಿಲ್ಲ. ಮಾಸ್ತರು ಗೌರವವೇ ಮಾಡಿದ್ದು. ಕೆಟ್ಟವರು ಒಬ್ಬರೂ ಇಲ್ಲ ಈ ಕಥೆಯಲ್ಲಿ. ನನಗೆ ಸುಸ್ತಾಗುವುದೇ ಅದಕ್ಕೆ. ಕೆಟ್ಟವರಿದ್ದರೆ ಬೈದು ಮುಗಿಸಿ ಎದ್ದು ಹೋಗಬಹುದಿತ್ತು.

ಪಾಪ ಆ ಊರಿನವರು ಅಂತ ತಲೆ ಆಡಿಸುತ್ತಿದ್ದೀರಿ. ಇವತ್ತಿನ ಪ್ರವಚನ ಯಾಕೆ ತಡವಾಯಿತು? ಅಧ್ಯಕ್ಷರು ಬರಲಿ ಅಂತ. ಈ ಮುಂದಿನ ಜಮಖಾನದ ಮೇಲೆ ಮಕ್ಕಳು ಕೂತಿದ್ದರು, ನಾನು ನೋಡಿದೆ. ಎಬ್ಬಿಸಿ ಕಂಬದ ಹಿಂದೆ ಕಳಿಸಿದಿರಿ. ಅಧ್ಯಕ್ಷರು ಇನ್ನೂ ಬಂದಿಲ್ಲ. ಅಗೋ, ಕುರ್ಚಿ ಖಾಲಿಯೇ ಇದೆ. ಟವೆಲನ್ನೂ ಹಾಸಿದ್ದೀರಿ.

ನಾಳೆ ನಿಮ್ಮೂರ ಶಾಲೆಗೆ ಹೋಗಿ. ಯಾರೋ ಕೊಟ್ಟ ಕಂಪ್ಯೂಟರೋ, ಪುಸ್ತಕವೋ, ಚೆಂಡೋ ಬೀಗದೊಳಗಿದ್ದರೆ ತೆಗೆಸಿ ಮಕ್ಕಳ ಕೈಗೆ ಕೊಡಿಸಿ. ಹಾಳಾದರೆ ಆಗಲಿ. ಮನೆಯಲ್ಲಿ ಮಗು ಏನೋ ಹೇಳಲು ಬಂದರೆ, ದೊಡ್ಡವರ ಮಾತು ಮುಗಿಯಲಿ ಅನ್ನಬೇಡಿ. ಅದು ಇನ್ನೊಮ್ಮೆ ಬರುವುದಿಲ್ಲ.

ಅದೆಲ್ಲ ನಾಳೆಗೆ. ಈಗ ಯಾರಾದರೂ ಎದ್ದು ಆ ಕುರ್ಚಿ ಪಕ್ಕಕ್ಕಿಡಿ, ಕಂಬದ ಹಿಂದಿನ ಮಕ್ಕಳನ್ನು ಮುಂದೆ ಕರೆಯಿರಿ. ಅವರು ಬಂದು ಕೂರುವವರೆಗೆ ನಾನು ಕಾಯುತ್ತೇನೆ.